ಹುಲಿಗೆ ಯಾರೂ ಇಲ್ಲವಂತೆ

ಸುಪ್ರೀತಾ,

ನೀನು ಬಂಟ್ವಾಳದಿಂದ ಬರುವಾಗ ನಾವು ಮನೆಯಲ್ಲಿರುವುದಿಲ್ಲ. ತನ್ವಿಯನ್ನು ಪಿಲಿಕುಳದ ಮೃಗಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವವಳು ನೀನು. ಇವತ್ತಿನ ಮೇಷ್ಟ್ರು ನಾನು.

ಹಾಲು ಕಾಯಿಸಿಟ್ಟಿದ್ದೇನೆ. ಬೆಕ್ಕು ಒಳಗೇ ಉಂಟು, ಅಡುಗೆಮನೆಯ ಬಾಗಿಲು ಹಾಕಿಕೋ. ಕೊಡೆಯನ್ನು ಎಲ್ಲಿಟ್ಟೆಯೋ, ಸಿಗಲೇ ಇಲ್ಲ.

ನಿನ್ನ ಅತ್ತೆ ತೀರಿಹೋದ ಮೇಲೆ ಬಸದಿಗಲ್ಲದೆ ಎಲ್ಲಿಗೂ ಹೋಗದವನು ಹೊರಟದ್ದಕ್ಕೆ ನಿನ್ನ ಮಗಳೇ ಕಾರಣ. ಸಿಂಹ ಮಹಾವೀರರ ಲಾಂಛನ, ಆಮೆ ಮುನಿಸುವ್ರತರದ್ದು ಎಂದು ಅತ್ತೆ ಅವಳಿಗೆ ಕಲಿಸಿದ್ದಳಲ್ಲ, ಬೆಳಿಗ್ಗೆ ತನ್ವಿ ಇಪ್ಪತ್ತನಾಲ್ಕು ತೀರ್ಥಂಕರರ ಲಾಂಛನಗಳನ್ನೂ ಒಪ್ಪಿಸಿದಳು. ಆಮೇಲೆ ಕೇಳಿದಳು:

"ಅಜ್ಜ, ಹುಲಿಗೆ ಯಾವ ತೀರ್ಥಂಕರರೂ ಇಲ್ಲವಾ? ಪಾಪ! ಅದಕ್ಕೆ ನಮ್ಮ ಅಜ್ಜಿಯನ್ನೇ ಕೊಡುವ."

"ಹಾಗೆಲ್ಲ ಕೊಡ್ಲಿಕ್ಕೆ ಆಗುದಿಲ್ಲ ಮಗಾ."

"ಅಜ್ಜಿ ಬೈದ್ರೆ ಹುಲಿ ಬಂತು ಅಂತ ನೀವೇ ಓಡ್ತಿದ್ದಿರಲ್ಲ!"

ಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಆದರೂ ಹೊರಟಿದ್ದೇನೆ.

ಪಾಠಕ್ಕೆಂದು ನೀನು ಪಟ್ಟಿ ಬರೆದುಕೊಟ್ಟ ಪ್ರಾಣಿಗಳನ್ನೆಲ್ಲ ಅವಳಿಗೆ ತೋರಿಸುತ್ತೇನೆ. ಹೊತ್ತು ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲವೆಂದು ನೀನು ಗಡಿಬಿಡಿ ಮಾಡಬೇಡ. ಒಂದು ದಿನ ಊಟ ತಪ್ಪಿದರೆ ತಪ್ಪಲಿ, ಹುಲಿಯ ಎದುರು ಸ್ವಲ್ಪ ಹೊತ್ತು ಕೂತು ಬರುತ್ತೇನೆ.

ಮಾವ