ಖಾಲಿ ಮಿಷನ್ ತುಳಿದದ್ದು

ಮಾರ್ಚ್ ೧೧, ಮಂಗಳವಾರ

ಗಿರಾಕಿಯ ಅಂಗಿ ಇವತ್ತೂ ಮುಗಿಯಲಿಲ್ಲ. ಹಾಳಾಗಿ ಹೋಗಲಿ, ನಮ್ಮ ಮೂರು ಕಾಲಿನ ನಾಯಿಗೆ ಕನಸು ಬಿತ್ತು!

ಲಾರಿ ಹರಿದು ಹಿಂಗಾಲು ಹೋದಾಗಿನಿಂದ ಅದು ಕೂತೇ ತೂಕಡಿಸುತ್ತಿತ್ತು. ಇವತ್ತು ಹೊಲಿಗೆ ಮಿಷನ್ ಕೆಳಗೆ ಅಡ್ಡಬಿದ್ದು ಮಲಗಿ, ನಿದ್ದೆಯಲ್ಲೇ ಸಣ್ಣಗೆ ಬೊಗಳಿತು.

"ಫಿಟ್ಸ್ ಬಂದಿದೆ ಕಣೇ, ಡಾಕ್ಟರ್‌ಗೆ ಫೋನ್ ಮಾಡು," ಅಂದಳು ಅಕ್ಕ.

"ಸುಮ್ನಿರೇ, ಕನಸು ಕಾಣ್ತಿದೆ."

ಮಿಷನ್ ಸದ್ದು ನಿಂತರೆ ಅದಕ್ಕೆ ಎಚ್ಚರವಾಗಿಬಿಡುತ್ತದೆ. ಅಂಗಿಯ ಒಂದು ತೋಳು ಮುಗಿದರೂ ಇನ್ನೊಂದನ್ನು ತರಲು ಏಳದೆ ಖಾಲಿ ಮಿಷನ್ನನ್ನೇ ತುಳಿಯುತ್ತಾ ಕೂತೆ. ಅಕ್ಕನೂ ಬಗ್ಗಿ ನೋಡಿದಳು. ಮೂರು ಕಾಲೂ ಓಡುತ್ತಿದ್ದವು. ಅವುಗಳ ಜೊತೆಗೇ, ಅದೇ ವೇಗದಲ್ಲಿ, ಆ ಮೋಟು ತೊಡೆಯೂ.

ಕನಸಿನಲ್ಲಿ ಅದಕ್ಕೆ ನಾಲ್ಕೂ ಕಾಲಿವೆ.

ನನ್ನ ಕಾಲು ಪದ ಹೇಳುತ್ತಿವೆ, ಇರಲಿ. ನಾಳೆ ಅಂಗಿ ಕೇಳಿಕೊಂಡು ಬಂದವರಿಗೆ ಏನನ್ನಲಿ? ನಾಯಿ ಓಡಲು ಹೋಗಿತ್ತು, ನಾನೂ ಜೊತೆಗೆ ಹೋಗಿದ್ದೆ ಅನ್ನಲೇ?