ಹಾರ್ನ್ ಮರಿಯ ಕತ್ತಿನ ನಾಲ್ಕು ಕಾಳು

ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕ,

ಬಯ್ಯುವುದಿದ್ದರೆ ಮೊದಲು ಬಯ್ದು ಮುಗಿಸು, ಆಮೇಲೆ ಓದು. ನೀನೂ ಭಾವನೂ ಕೇಳಿದ ಕೂಡಲೇ ಪರೀಕ್ಷೆಗೆ ರಕ್ತ ಕೊಟ್ಟು ಕಳಿಸಿದಿರಿ. ಯಾಕೆ, ಏನು ಎಂದು ನಾನು ಸರಿಯಾಗಿ ಹೇಳಲೇ ಇಲ್ಲ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಔಷಧಿ. ಫೋನು ಹಿಡಿಯಲು ಮೂರನೇ ಕೈ ಇರಲಿಲ್ಲ.

ಮೊದಲು ಒಳ್ಳೆಯ ಸುದ್ದಿ. ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದೆವು, ಮಗಳನ್ನೂ ಕರೆದುಕೊಂಡು!

ಹುಟ್ಟಿದಾಗ ಒದ್ದೆ ಬಟ್ಟೆಯ ಹಾಗಿದ್ದಳು. ಎತ್ತಿದರೆ ಕೈಕಾಲು ಜೋತುಬೀಳುತ್ತಿದ್ದವು. ಹಾಲು ಬೇಡ, ಅಳುವೂ ಇಲ್ಲ. ನೋಡಲು ಬಂದವರೆಲ್ಲ "ಎಷ್ಟು ಸಾಧು ಮಗು!" ಎಂದರು. ಅತ್ತೆ ಮಾತ್ರ ಒಪ್ಪಲಿಲ್ಲ. "ನಮ್ಮನೇಲಿ ಸಾಧು ಅನ್ನೋರು ಇವತ್ತಿನವರೆಗೂ ಹುಟ್ಟಿಲ್ಲ ಕಣೇ. ಡಾಕ್ಟರನ್ನ ಕರಿ" ಎಂದರು. ರಕ್ತ ನೋಡಿದರೆ ಕ್ಯಾಲ್ಸಿಯಂ ಮಿತಿಮೀರಿ ಏರಿತ್ತು. ಎಕ್ಸ್‌ರೇಯಲ್ಲಿ ಮೂಳೆಗಳು ಮಾತ್ರ ತೆಳ್ಳಗೆ, ಮಬ್ಬುಮಬ್ಬು.

ನಾನು ಕಾರು ಓಡಿಸುವುದು ಕಲಿಸುವವಳೆಂದು ತಿಳಿದ ಡಾಕ್ಟರು ನನ್ನ ಭಾಷೆಯಲ್ಲೇ ಬಿಡಿಸಿ ಹೇಳಿದರು.

"ಕತ್ತಲ್ಲಿ ಕಾಳಿನಷ್ಟು ನಾಲ್ಕು ಗ್ರಂಥಿ ಇರುತ್ತಮ್ಮ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಅಂತ ತೋರಿಸೋ ಮುಳ್ಳು ಅವುಗಳ ಮೇಲಿದೆ. ನಿಮ್ಮ ಮಗೂಗೆ ಆ ಮುಳ್ಳೇ ಕೆಟ್ಟಿದೆ. ಟ್ಯಾಂಕು ತುಂಬಿ ಚೆಲ್ತಿದ್ರೂ ಖಾಲಿ ಅಂತಾನೇ ತೋರಿಸುತ್ತೆ. ಅದನ್ನ ನಂಬಿ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಸುರೀತಾನೇ ಇವೆ."

"ಯಾಕೆ ಕೆಟ್ಟಿತು?"

"ಜೀನಿನಲ್ಲಿ ಒಂದಕ್ಷರದ ತಪ್ಪು. ನಿಮ್ಮಿಂದ ಒಂದು ಬಂದಿದೆ, ನಿಮ್ಮ ಯಜಮಾನ್ರಿಂದ ಒಂದು."

ಒಂದೇ ಇದ್ದರೆ ಅಷ್ಟೇನೂ ತೊಂದರೆಯಿಲ್ಲವಂತೆ. ಎರಡು ಸೇರಿದರೆ ಹೀಗೆ. ನಿನ್ನ ಮೈದುನ, "ನಾವಿಬ್ರೂ ಯಾವ ವಿಷ್ಯದಲ್ಲೂ ಒಂದಾದೋರಲ್ಲ, ಇದ್ರಲ್ಲಿ ಆಗ್ಬಿಟ್ವಲ್ಲ!" ಎಂದು ನಕ್ಕರು. ಆಮೇಲೆ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

ಔಷಧಿಗೆ ಬಗ್ಗಲಿಲ್ಲ, ಆಪರೇಷನ್ ಆಯಿತು. ಬೆರಳಗಲದ ಕತ್ತು, ಅಕ್ಕ! ಹೊರಗಿನ ಬೆಂಚಿನಲ್ಲಿ ಅತ್ತೆ ನನ್ನ ಕೈ ಹಿಡಿದ ಬಿಗಿಗೆ ಬೆರಳೆಲ್ಲ ಮರಗಟ್ಟಿದವು. ಸರ್ಜನ್ ಬಂದು "ನಾಲ್ಕೂ ತೆಗೆದ್ವಿ" ಎಂದರೆ, ಅತ್ತೆ ಕೇಳಿದ್ದೇನು ಗೊತ್ತೇ? "ಕೈತಪ್ಪಿ ಬೇರೇನೂ ತೆಗೀಲಿಲ್ಲ ತಾನೆ?" ಸರ್ಜನಮ್ಮ ಬಾಗಿಲಿಗೆ ಒರಗಿ ನಕ್ಕರು.

ಆಮೇಲೊಂದು ಬೆಳಿಗ್ಗೆ ವಾರ್ಡು ಹಾರಿಹೋಗುವ ಹಾಗೆ ಒಂದು ಕೂಸು ಕಿರುಚಿತು. ಯಾರದಪ್ಪಾ ಇದು ಎಂದು ನೋಡಿದರೆ ನಮ್ಮದೇ! ಹಸಿವೆಗೆ! ನರ್ಸುಗಳು ಅವಳನ್ನು 'ಹಾರ್ನ್ ಮರಿ' ಎಂದೇ ಕರೆಯತೊಡಗಿದರು. ಗ್ರಂಥಿಗಳಿಲ್ಲದ್ದರಿಂದ ಇನ್ನು ಬದುಕಿಡೀ ಕ್ಯಾಲ್ಸಿಯಂ ಔಷಧಿ ಕುಡಿಯಬೇಕು. ಕುಡಿಯಲಿ ಬಿಡು. ಕಾಲು ಭಾಗ ಒಳಗೆ, ಮುಕ್ಕಾಲು ಅವಳಪ್ಪನ ಅಂಗಿಗೆ.

ಭಾವನಿಗೆ ನಮಸ್ಕಾರ. ನಿನ್ನ ಹಾರೈಕೆಯೆಲ್ಲ ಅವಳಿಗಿರಲಿ. ನನಗೆ ಒಂದಿಷ್ಟು ನಿದ್ದೆ ಬರಲಿ ಎಂದು ಹಾರೈಸು, ಸಾಕು.

ನಿನ್ನ ತಂಗಿಯೂ ವಾರಗಿತ್ತಿಯೂ ಆದ,
ಪುಟ್ಟಿ

ತಾ.ಕ.: ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಕಾಗದ. ನಿಮ್ಮಿಬ್ಬರ ರಕ್ತಪರೀಕ್ಷೆಯ ಫಲಿತಾಂಶ ಬಂದಿದೆ. ಅಕ್ಕತಂಗಿಯರು ನಾವು ಅಣ್ಣತಮ್ಮಂದಿರನ್ನೇ ಮದುವೆಯಾದೆವಲ್ಲ, ಅದೇ ತಪ್ಪಕ್ಷರ ನಿನ್ನಲ್ಲೂ ಇದೆ, ಭಾವನಲ್ಲೂ ಇದೆ. ತೀರಿಹೋದ ನಿನ್ನ ಕಂದನ ವಿಷಯ ಡಾಕ್ಟರಿಗೆ ಹೇಳಿದೆ: ಹಾಲು ಕುಡಿಯದೆ ಸೊರಗಿದ್ದು, ಪಕ್ಕೆಲುಬು ಮುರಿದಿದ್ದದ್ದು, ಎಲ್ಲ. ಅವನನ್ನು ಈಗ ಪರೀಕ್ಷಿಸಲಾಗದು, ಆದರೂ ಇದೇ ಇರಬೇಕು ಎಂದರು. "ಇಂಥ ಮೂಳೆ ಬಟ್ಟೆ ತೊಡಿಸುವಾಗಲೂ ಮುರಿಯುತ್ತಮ್ಮ." ನಮ್ಮ ಹಾರ್ನ್ ಮರಿಗೂ ಎರಡು ಪಕ್ಕೆಲುಬು ಮುರಿದಿದ್ದವು, ಅಕ್ಕ. ಅವಳನ್ನು ಯಾರೂ ಬೀಳಿಸಿರಲಿಲ್ಲ.

ತಾಯಿಯೇ ಹಿಸುಕಿಬಿಟ್ಟಳು ಎಂದು ಆಗ ಜನ ಆಡಿಕೊಂಡರು. ನೀನೂ ನಂಬಿದೆ. ಅಂದಿನಿಂದ ಯಾರ ಮಗುವನ್ನೂ ನೀನು ಎತ್ತಿಕೊಂಡಿಲ್ಲ. ಡಾಕ್ಟರ ಮಾತು ಕೇಳಿ ಅತ್ತೆ ತುಂಬಾ ಹೊತ್ತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ಅವಳನ್ನ ಕರೆಸು. ಮಗೂನ ಮೊದಲು ಅವಳ ಕೈಗೇ ಕೊಡು" ಎಂದರು.

ಅವಳ ಮೂಳೆಗಳು ಗಟ್ಟಿಯಾಗುತ್ತಿವೆ. ಬಾ ಅಕ್ಕ, ಎತ್ತಿಕೊಳ್ಳುವೆಯಂತೆ.