ಬ್ಯೂಗಲ್ ರಾಕ್‌ಗೆ ಬಂದವನು

೧೪ ಮಾರ್ಚ್ ೧೯೯೮, ಶನಿವಾರ

ನಾಳೆಯ ನಾಟಕದ ಟಿಕೆಟೆಲ್ಲ ಖಾಲಿ. ನಾಟಕ ಆಡಿಸುತ್ತಿರುವ ಗೆಳೆಯ ಶಶಿಕಿರಣ್ ಫೋನಿನಲ್ಲೇ ಕುಣಿದಾಡಿದ, "ಪೇಪರ್ ಸುದ್ದಿ ಕೆಲಸ ಮಾಡ್ತು ಮಗಾ!" ನನಗೆ ಮಾತ್ರ ಊಟ ಸೇರಲಿಲ್ಲ.

ಜನ ಸೇರಲಿ ಎಂದು ಹೂಡಿದ ಆಟ ಅದು. ಬ್ಯೂಗಲ್ ರಾಕ್ ಬಂಡೆಯ ಮೇಲೆ ಅನ್ಯಗ್ರಹದವನೊಬ್ಬನನ್ನು ಕಂಡೆ ಎಂದು ಸಂಜೆಪತ್ರಿಕೆಯವರಿಗೆ ನಾನೇ ಹೇಳಿದ್ದೆ. ನನ್ನ ಫೋಟೋ ಸಮೇತ ಹಾಕಿದರು. ನಾಳೆ ಕೊನೆಯ ದೃಶ್ಯದಲ್ಲಿ ನಾನು ರಂಗದ ಮೇಲೆ ನಿಂತು "ಎಲ್ಲ ಬುರುಡೆ" ಎನ್ನಬೇಕು, ಜನ ನಗಬೇಕು.

ಇವತ್ತು ಪಕ್ಕದ ಮನೆಯ ಭಾಗೀರಥಮ್ಮನವರು ಕರೆದರು. ತೀರಿಹೋದ ಅವರ ಯಜಮಾನರು ನಮಗೆ ವಿಜ್ಞಾನ ಕಲಿಸಿದ ಮೇಷ್ಟ್ರು. ಬೇರೆ ಲೋಕದಲ್ಲೂ ಜೀವವಿದೆ ಎಂದು ಕೊನೆತನಕ ವಾದಿಸಿದವರು. ನಾವು ಹುಡುಗರು ಬೆನ್ನ ಹಿಂದೆ ನಗುತ್ತಿದ್ದೆವು. ಈಗ ಭಾಗೀರಥಮ್ಮನವರು ಮೇಷ್ಟ್ರ ಫೋಟೋದ ಗಾಜಿಗೆ ಆ ಸುದ್ದಿಯನ್ನು ಕತ್ತರಿಸಿ ಅಂಟಿಸಿದ್ದಾರೆ. ಮೇಲೆ ಗಾಂಧಿ ಬಜಾರಿನ ಹೊಸ ಮಲ್ಲಿಗೆ ಹಾರ.

"ಕೊನೆಗೂ ನಮ್ಮನೆಯವರ ಮಾತೇ ನಿಜವಾಯ್ತು ನೋಡಪ್ಪ. ನಾಳೆ ನಾಟಕಕ್ಕೆ ಮೊದಲ ಸಾಲಲ್ಲೇ ಕೂತ್ಕೋತೀನಿ."

ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಕೇಳಿದರು, "ಪಾಪ, ಅಷ್ಟು ದೂರದಿಂದ ಬಂದವನಿಗೆ ಕುಡಿಯೋಕೆ ನೀರಾದ್ರೂ ಕೊಟ್ಯಾ?"

"ಕೊಟ್ಟೆ ಅಮ್ಮ," ಎಂದುಬಿಟ್ಟೆ.